ಕಾಕಾನ ಕಿವಿ

ಹೋದ ವಾರ ಆಳಂದದ ಕೋರ್ಟಿನ ಅಂಗಳದಲ್ಲಿ ಕಕ್ಷಿದಾರನೊಬ್ಬನ ಹಳೆಯ ಕಾರು ಬಂದು ನಿಂತಿತು. ಅದರ ಎಂಜಿನ್ ಆಯಿಲ್ ಎಲ್ಲಿಂದಲೋ ಸೋರಿ, ಕಾದ ಕೊಳವೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಸುಟ್ಟ ಎಣ್ಣೆಯ ಆ ವಾಸನೆ ಬಡಿದದ್ದೇ ತಡ, ಕೈಯಲ್ಲಿದ್ದ ಫೈಲು ಮರೆತು ನಿಂತುಬಿಟ್ಟೆ. ಉಳಿದ ವಕೀಲರು ಮೂಗು ಮುಚ್ಚಿಕೊಂಡು ಸರಿದರು. ನನಗೆ ಅದು ಒಬ್ಬ ಮನುಷ್ಯನ ವಾಸನೆ. ಅವರ ಅಂಗಿಯಲ್ಲಿ, ಬೆರಳಲ್ಲಿ, ಅವರು ಕುಡಿದಿಟ್ಟ ಚಹದ ಬಟ್ಟಲಲ್ಲಿ ಕೂಡ ಅದೇ ಇರುತ್ತಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು…

ಅವರು ನಮ್ಮ ಓಣಿಯ ಮಿಸ್ತ್ರಿ. ಗಾಡಿ ರಿಪೇರಿ ಮಾಡುವವರಿಗೆ ನಮ್ಮ ಕಡೆ ಹಾಗೆಯೇ ಅನ್ನುವುದು. ನಾನು ಮಾತ್ರ ಕಾಕಾ ಅನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಸಣ್ಣವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಅವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಗಾಡಿಯ ಕೆಳಗೆ ತೂರುವ ಮೊದಲು ಲಿಂಗಕ್ಕೆ ಗ್ರೀಸು ತಾಗಬಾರದೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಪ್ರಾಯದಲ್ಲಿ ಪುಣೆಯ ಒಂದು ಗ್ಯಾರೇಜಿನಲ್ಲಿ ಪರದೇಶದ ಕಾರುಗಳನ್ನೇ ಬಿಚ್ಚಿ ಕೂಡಿಸಿದವರು. ಊರಿಗೆ ಬಂದು ಶೆಡ್ಡು ಹಾಕಿದ ಮೇಲೆ ಟ್ರ್ಯಾಕ್ಟರು, ಜೀಪುಗಳೇ ಗತಿಯಾದವು. ಆದರೂ ಅಫಜಲಪುರ, ಜೇವರ್ಗಿಯ ಕಡೆ ಯಾರಾದರೂ ಹಳೆಯ ಕಾರು ಕೊಳ್ಳುವುದಿದ್ದರೆ ಮೊದಲು ಕಾಕಾನ ಬಾಗಿಲಿಗೆ ಬರುತ್ತಿದ್ದರು. ಕಾಕಾ ಎಂಜಿನ್ ಕೇಳಬೇಕು. ಅವರು ಕೇಳದ ಗಾಡಿಯನ್ನು ತಂದರೆ ಮನೆಯವರೇ ಒಪ್ಪುತ್ತಿರಲಿಲ್ಲ.

ಕೇಳುವುದಕ್ಕೆ ಅವರದೇ ಒಂದು ಕಟ್ಟಳೆ ಇತ್ತು. ನಸುಕಿನಲ್ಲಿ ಹೋಗಬೇಕು. ಹಿಂದಿನ ಸಂಜೆಯಿಂದ ಗಾಡಿಯನ್ನು ಯಾರೂ ಚಾಲೂ ಮಾಡಿರಬಾರದು. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮಾತಿಲ್ಲದೆ ವಾಪಸು. ತಣ್ಣಗಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, "ಹಚ್ರಿ" ಅನ್ನುತ್ತಿದ್ದರು. ಕೀಲಿ ತಿರುಗಿಸಿದ ಮೊದಲ ಎರಡು ಮೂರು ಕ್ಷಣದಲ್ಲೇ ಅವರ ತೀರ್ಮಾನ. "ತಗೋರಿ" ಅಥವಾ "ಬ್ಯಾಡ್ರಿ", ಇಷ್ಟೇ. ಮಾದನಹಿಪ್ಪರಗಾದ ಒಬ್ಬ ಮಾಸ್ತರರು ಕಾರು ತರಲೆಂದು ಹಾರ ತುರಾಯಿ ಸಮೇತ ಸೊಲ್ಲಾಪುರದವರೆಗೆ ಹೋಗಿದ್ದವರು, ಕಾಕಾನ ಒಂದು "ಬ್ಯಾಡ್ರಿ"ಗೆ ಹಾರವನ್ನು ಬಸ್ಸಿನ ಡ್ರೈವರನಿಗೆ ಕೊಟ್ಟು ಬಸ್ಸು ಹತ್ತಿ ಬಂದಿದ್ದರು.

ನನಗೆ ಜರ್ಮನ್ ಕಾರಿನ ಹುಚ್ಚು ಹಿಡಿದದ್ದು ಯಾಕೆಂದು ಈಗ ಹೇಳಲು ನಾಚಿಕೆಯೇನಿಲ್ಲ. ಕಲಬುರಗಿಯ ಕೋರ್ಟಿಗೆ ಹೋದಾಗಲೆಲ್ಲ ಅಲ್ಲಿನ ದೊಡ್ಡ ವಕೀಲರ ಕಾರುಗಳ ಸಾಲಿನಲ್ಲಿ ನನ್ನ ಡಬ್ಬಾ ಗಾಡಿ ನಿಲ್ಲಿಸಲು ಮೈ ಹಿಡಿಯಾಗುತ್ತಿತ್ತು. ಹೊಸದು ಕೊಳ್ಳುವ ತಾಕತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷದ ಹಳೆಯದಾದರೂ ಸರಿ, ಮುಂದಿನ ಆ ಬಿಲ್ಲೆ ಹೊಳೆಯಬೇಕು, ಅಷ್ಟೇ.

ಎರಡು ಗಾಡಿ ಸಿಕ್ಕಿದ್ದವು. ಎರಡೂ ಒಂದೇ ಕಂಪನಿಯವು, ಒಂದೇ ಮಾಡೆಲ್ಲು. ಸೊಲ್ಲಾಪುರದ್ದು ಬಿಳಿ, ಪೆಟ್ರೋಲ್, ಸೀಟಿನ ಬಟ್ಟೆ ಸವೆದಿತ್ತು. ಹೈದರಾಬಾದಿನದ್ದು ಕಪ್ಪು, ಡೀಸೆಲ್, ಮೇಲೆ ತೆರೆಯುವ ಗಾಜು, ಒಳಗೆ ತೊಗಲಿನ ಸೀಟು. ಕಾಕಾನ ಮುಂದೆ ಫೋನಿನಲ್ಲಿ ಎರಡರ ಚಿತ್ರವನ್ನೂ ತೋರಿಸಿದೆ. ಅವರು ಚಿತ್ರ ನೋಡಲೇ ಇಲ್ಲ. ಯಾವ ಇಸವಿ, ಎಂಜಿನ್ ನಂಬರು ಏನು ಎಂದು ಕೇಳಿದರು.

"ಮೈ ನೋಡಿ ಮರುಳಾಗಬ್ಯಾಡ ತಮ್ಮಾ" ಅಂದರು. "ಮೈ ಒಂದೇ ಇಟ್ಟು ಒಳಗ ಎಂಜಿನ್ ಬ್ಯಾರೆ ಬ್ಯಾರೆ ಹಾಕ್ಯಾರ. ಈ ಕರೀ ಗಾಡೀದು ಚೈನು ಹಿಂದಿನ ಮಗ್ಗಲಿಗೆ ಅದ. ಅದು ಸವದ್ರ ಇಡೀ ಎಂಜಿನ್ ಕೆಳಗ ಇಳಸಬೇಕಾಗ್ತದ. ಬಿಳೀದು ಹಳೀ ಎಂಜಿನ್, ಚೈನು ಮುಂದ ಅದ, ಹತ್ತು ವರ್ಷ ಏನೂ ಅನ್ನೂದಿಲ್ಲ. ಮತ್ತ ನಿನ್ನ ಓಡಾಟರೆ ಎಷ್ಟು? ಮನಿಂದ ಕೋರ್ಟು, ಕೋರ್ಟಿಂದ ಮನಿ. ಅದಕ್ಕ ಡೀಸೆಲ್ ಯಾಕ ಬೇಕು?"

ಎಂಜಿನ್ನಿನ ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಒಂದೇ ತಾಳದಲ್ಲಿ ತಿರುಗಿಸುವ ಸರಪಳಿ ಅದು ಎಂದು ಆಮೇಲೆ ಬಿಡಿಸಿ ಹೇಳಿದರು. ತಪ್ಪಿತೋ, ಒಳಗಿನದೆಲ್ಲ ಒಂದಕ್ಕೊಂದು ಬಡಿದು ನುಚ್ಚುನೂರು. ಎಣ್ಣೆ ಕಾದ ಮೇಲೆ ಸಡಿಲ ಚೈನೂ ಬಿಗಿಯಾಗಿ ಸುಮ್ಮನಿರುತ್ತದೆ; ತಣ್ಣಗಿದ್ದಾಗ ಹಚ್ಚಿದ ಮೊದಲ ಕ್ಷಣ ಮಾತ್ರ ಗಲಗಲ ಅಂದು ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಆ ನಸುಕಿನ ಕಟ್ಟಳೆ ಯಾಕೆಂದು ನನಗೆ ಅವತ್ತೇ ತಿಳಿದದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ತಿಳಿದೇ ಇರಲಿಲ್ಲ ಎಂದು ವಾದಿಸುವ ಹಾದಿ ನನಗಿಲ್ಲ.

ಆದರೂ ಕಪ್ಪಿನ ಮೇಲೇ ಮನಸ್ಸು. ಕಡೆಗೆ ಕಾಕಾ ಸೋತು, "ಆತು, ಎಲ್ಲಾ ಕರೀ ಗಾಡೀನೂ ಕೆಟ್ಟಿರೂದಿಲ್ಲ. ತರಿಸು. ನಸುಕಿನ್ಯಾಗ ಬಂದು ಕೇಳ್ತೇನಿ, ಆಮ್ಯಾಲ ಕಾಗದಕ್ಕ ಸಹಿ ಮಾಡು" ಅಂದರು. ಮಾರುವವನು ಒಂದು ಸಂಜೆ ಗಾಡಿ ತಂದು ನಮ್ಮ ಬಾಗಿಲಿಗೆ ಬಿಟ್ಟು, ಮರುದಿನ ಮಧ್ಯಾಹ್ನ ಬರುತ್ತೇನೆಂದು ಹೋದ.

ಮರುದಿನ ಹುಣ್ಣಿಮೆ. ನಮ್ಮವ್ವ ನಸುಕಿಗೂ ಮೊದಲೇ ಎದ್ದು ಆರತಿ ತಟ್ಟೆ ಹಿಡಿದು ಕೂತಿದ್ದಳು. ಗಾಡಿ ಬಾಗಿಲಿಗೆ ಬಂದ ಮೇಲೆ ಘತ್ತರಗಿಯ ಭಾಗ್ಯವಂತಿ ದೇವಿಗೆ ತೋರಿಸದೆ ನಿಲ್ಲಿಸಿಕೊಳ್ಳುವುದುಂಟೇ? ಕಾಕಾ ಬರುವವರೆಗೆ ತಡೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನಿಜ ಹೇಳುತ್ತೇನೆ, ಆ ಸ್ಕ್ರೂಡ್ರೈವರಿನ ಹೆದರಿಕೆ ನನಗೆ. "ಬ್ಯಾಡ್ರಿ" ಅಂದುಬಿಟ್ಟರೆ? ಅವ್ವನ ಹೆಸರು ಹೇಳಿಕೊಂಡು ಹೊರಟೇಬಿಟ್ಟೆ. ಭೀಮಾ ದಂಡೆಯಲ್ಲಿ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ತುಳಿಸಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ತಿರುಗಿ ಬಂದಾಗ ಬಿಸಿಲೇರಿತ್ತು. ಕಾಕಾ ನಮ್ಮ ಕಟ್ಟೆಯ ಮೇಲೆ ಸ್ಕ್ರೂಡ್ರೈವರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಸುಕಿನಿಂದ ಕೂತಿದ್ದರಂತೆ.

ಎದ್ದು ಬಂದು ಅಂಗೈ ಇಟ್ಟರು. ಕಾದಿತ್ತು. ಕೈ ಹಿಂದಕ್ಕೆ ಎಳೆದುಕೊಂಡಾಗ ಬೆರಳಿಗೆ ಕುಂಕುಮ ಹತ್ತಿತ್ತು. ಅಷ್ಟರಲ್ಲಿ ಅವ್ವ ಪ್ರಸಾದದ ಕೊಬ್ಬರಿ ಕೊಟ್ಟು, "ಹ್ಯಾಂಗದ್ರಿ ಗಾಡಿ?" ಎಂದು ಕೇಳಿಬಿಟ್ಟಳು. ನಮ್ಮಲ್ಲಿ ಪೂಜೆಯಾದ ಗಾಡಿಯಲ್ಲಿ ಯಾರೂ ತಪ್ಪು ತೆಗೆಯುವುದಿಲ್ಲ. ದೇವಿಯ ಕುಂಕುಮ ಹೊತ್ತು ಬಂದ ಗಾಡಿಯಲ್ಲಿ ಐಬು ಹುಡುಕಿದರೆ ಅಪಶಕುನ ನುಡಿದಂತೆ. ಕಾಕಾ ಕೊಬ್ಬರಿಯನ್ನು ಕಣ್ಣಿಗೊತ್ತಿಕೊಂಡು, "ಛಲೋ ಅದರೀ ವೈನಿ, ಛಲೋ ಆಗ್ಲಿ" ಅಂದರು. ನಂತರ ನನ್ನನ್ನು ಪಕ್ಕಕ್ಕೆ ಕರೆದು, ನಾಳೆ ನಸುಕಿನವರೆಗೆ ಸಹಿ ಮಾಡಬೇಡ ಅಂದರು.

ಮಧ್ಯಾಹ್ನಕ್ಕೇ ಸಹಿ ಮಾಡಿದೆ. ಮರುದಿನ ನಸುಕಿನಲ್ಲಿ ಕಾಕಾ ಬಂದಾಗ ಒಳಗಿಂದ ಏಳಲಿಲ್ಲ. ಅದರ ಮರುದಿನ ಕೋರ್ಟಿಗೆ ಅವಸರವೆಂದೆ. ಮೂರನೆಯ ದಿನ ಅವರ ಕೆಮ್ಮಿನ ಸಪ್ಪಳ ಕೇಳಿದ್ದೇ ತಡ, ಹಿತ್ತಲ ಬಾಗಿಲಿಂದ ಹೊರಟುಹೋದೆ. ನಾಲ್ಕನೆಯ ದಿನ ಅವರು ಬರಲಿಲ್ಲ.

ಎಂಟು ತಿಂಗಳು ಗಾಡಿ ಮೆರೆಯಿತು. ಬೆಳಿಗ್ಗೆ ಹಚ್ಚಿದಾಗ ಒಳಗೆ ಗಲಗಲ ಅನ್ನುತ್ತಿತ್ತು. ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಅಫಜಲಪುರ ದಾಟಿ ಕರಜಗಿಯ ಕಡೆ ಹೋಗುವಾಗ ಅದು ನಿಂತಿತು. ಒಳಗೆ ಏನೋ ಮುರಿದ ಸದ್ದು, ಆಮೇಲೆ ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ಜೇವರ್ಗಿಯ ಇಬ್ಬರು ಹಿರಿಯ ವಕೀಲರು ಕೂತಿದ್ದರು. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ನಮ್ಮನ್ನು ಅಫಜಲಪುರದ ಬಜಾರಿನ ನಟ್ಟನಡುವೆ ಎಳೆದು ತಂದ. ನನ್ನ ಜರ್ಮನ್ ಮೆರವಣಿಗೆಯನ್ನು ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಚಹದ ಹೋಟೆಲಿನಲ್ಲಿ ಕೂತಾಗ ಹಿರಿಯರಲ್ಲೊಬ್ಬರು ಕೇಳಿದರು:

"ಯಾರ ಕಡಿಂದ ಕೇಳಿಸಿ ತಗೊಂಡಿದ್ರಿ, ವಕೀಲ್ರ?"

ಸುತ್ತ ಹತ್ತು ಹದಿನೈದು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಯಾರೂ ಕೇಳಲಿಲ್ಲ, ನಾನೇ ಕೇಳಗೊಡಲಿಲ್ಲ ಎಂದಿದ್ದರೆ ಎರಡು ದಿನ ನಗುತ್ತಿದ್ದರು, ಮುಗಿಯುತ್ತಿತ್ತು.

"ನಮ್ಮ ಮಿಸ್ತ್ರೀನೇ ಕೇಳ್ಯಾರ್ರಿ" ಅಂದೆ. "ಛಲೋ ಅದ ಅಂದ್ರು. ಏನ್ಮಾಡೂದು, ವಯಸ್ಸಾತು. ಕಿವಿ ಮೊದಲಿನಂಗ ಉಳದಿಲ್ಲ."

ಆ ಹಿರಿಯರು ಮರುವಾರವೇ ತಮ್ಮನಿಗೆ ಕಾರು ಆರಿಸಲು ಕಾಕಾನನ್ನು ಕರೆದೊಯ್ಯುವವರಿದ್ದರು. ನನ್ನೆದುರಿಗೇ ಫೋನು ತೆಗೆದು ಬೇಡವೆಂದು ತಿಳಿಸಿದರು. ಆ ಕಡೆಯಿಂದ ಕಾಕಾ ಏನೂ ಕೇಳಲಿಲ್ಲವೆಂದು ಕಾಣುತ್ತದೆ, ಮಾತು ಅಲ್ಲಿಗೇ ಮುಗಿಯಿತು…

ಗಾಡಿಯನ್ನು ರಿಪೇರಿಗೆ ಮತ್ತೆಲ್ಲಿಗೆ ಒಯ್ಯಲಿ? ಕಾಕಾನ ಶೆಡ್ಡಿಗೇ ತಂದೆ. ಒಬ್ಬರೇ ಹನ್ನೆರಡು ದಿನ ಕೂತು ಎಂಜಿನ್ ಇಳಿಸಿ, ಬಿಚ್ಚಿ, ಜೋಡಿಸಿದರು. ಮೂರು ತಾಲ್ಲೂಕಿಗೆ ಹರಡಿದ ನನ್ನ ಮಾತು ಅವರಿಗೂ ಮುಟ್ಟಿತ್ತು. ಕೊನೆಯ ದಿನ ತುಂಡಾದ ಚೈನನ್ನು ಹಳೆಯ ಪೇಪರಿನ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತ ಕೇಳಿದರು:

"ತಮ್ಮಾ, ನಾ ಕೇಳಿದ್ನೇನೋ ಇದನ್ನ?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದಕ್ಕೇ ನನಗೆ ಸಿಟ್ಟು ಬಂತು. ವಕೀಲನಾಗಿ ಕಲಿತದ್ದೆಲ್ಲ ನಾಲಿಗೆಗೆ ಬಂದು ಕೂತಿತು. ಅವತ್ತು ಗಾಡಿ ನಿಮ್ಮ ಮುಂದೆಯೇ ಬಂದು ನಿಂತಿತೋ ಇಲ್ಲವೋ? ಎಂಜಿನ್ ಚಾಲೂ ಇತ್ತೋ ಇಲ್ಲವೋ? ಸದ್ದು ನಿಮ್ಮ ಕಿವಿಗೆ ಬಿತ್ತೋ ಇಲ್ಲವೋ? ಛಲೋ ಅದ ಅಂದಿರೋ ಇಲ್ಲವೋ? ಒಂದೊಂದಕ್ಕೂ ಅವರು ಹೌದೆಂದು ತಲೆಯಾಡಿಸಿದರು. ಮೂರು ನಸುಕಿನ ಮಾತನ್ನು ಮಾತ್ರ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಇಷ್ಟು ವರ್ಷದ ವಕೀಲಿಯಲ್ಲಿ ಅಷ್ಟು ಚೊಕ್ಕವಾದ ಪಾಟೀಸವಾಲು ನಾನು ಮತ್ತೊಮ್ಮೆ ಮಾಡಿಲ್ಲ. ಕಾಕಾ ಕೀಲಿ ಕೊಟ್ಟರು.

ಆಮೇಲೆ ಅವರ ಬಾಗಿಲಿಗೆ ಬರುವವರು ಕಡಿಮೆಯಾದರು. ಒಂದಿಬ್ಬರು ಬಂದರೂ ಕಾಕಾನೇ ಒಲ್ಲೆನೆಂದು ಕಳಿಸಿದರಂತೆ. ನನ್ನ ಮೇಲಿನ ಮುನಿಸಿಗೆ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಹಾಗಂದುಕೊಂಡರೆ ನನಗೂ ಹಗುರ. ಎದುರು ಸಿಕ್ಕರೆ ಮೊದಲಿನಂತೆಯೇ "ಉಂಡೇನ ತಮ್ಮಾ?" ಎಂದು ಕೇಳುತ್ತಿದ್ದರು. ನಾನು ಫೋನಿನಲ್ಲಿ ಮಾತಾಡುವವನಂತೆ ನಟಿಸಿ ದಾಟುತ್ತಿದ್ದೆ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎನ್ನುತ್ತಲೇ ಒಂದು ದಿನ ಅವರ ಹೆಣದ ಮುಂದೆ ನಿಂತಿದ್ದೆ. ಮಣ್ಣಿಗೆ ಹೋಗಿ ಬಂದೆ, ಕೈಕಾಲು ತೊಳೆದುಕೊಂಡೆ.

ಹೋದ ವಾರ ಕೋರ್ಟಿನಿಂದ ಬಂದವನೇ, ಎರಡು ವರ್ಷದ ಮೇಲೆ, ಆ ಮನೆಯ ಹೊಸ್ತಿಲು ತುಳಿದೆ. ಕಾಕು, ಅಂದರೆ ಕಾಕಾನ ಹೆಂಡತಿ, ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಅದನ್ನು ನೋಡಲಾಗದೆ ಮೊರದ ಕಡೆ ನೋಡುತ್ತ ಕೂತೆ. ಹೇಗೆ ಶುರು ಮಾಡಲೆಂದು ತಿಳಿಯದೆ ಕಾಕಾನಿಗೆ ನನ್ನ ಮೇಲೆ ಬಹಳ ಸಿಟ್ಟಿತ್ತೇನು ಎಂದು ಕೇಳಿದೆ.

"ನಿನ್ನ ಮ್ಯಾಲ ಯಾಕ ಸಿಟ್ಟು?" ಕಾಕು ಮೊರ ಕೆಳಗಿಟ್ಟಳು. "ಕಿವೀ ಮ್ಯಾಲ ಸಿಟ್ಟಿತ್ತು ನೋಡು. ಗಾಡಿ ಕಾದಿದ್ರ ಏನಾತು, ಮೊದಲಿನ ಕಿವಿ ಆಗಿದ್ರ ಹಿಡೀತಿದ್ವು, ಹಾಳಾಗಿ ಹೋಗ್ಯಾವ, ಯಾರ ಗಾಡೀನೂ ಮುಟ್ಟಬಾರದು ನಾ, ಪಾಪ ಮಂದೀಗೆ ಮೋಸ ಆಗ್ತದ ಅಂತಿದ್ರು. ಕಲಬುರಗಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಇಷ್ಟು ಚೂಪು ಕಿವಿ ಈ ವಯಸ್ಸಿನ್ಯಾಗ ನಾ ನೋಡೇ ಇಲ್ಲ ಅಂದ್ರು ಡಾಕ್ಟರು. ಇವರು ನಂಬಲಿಲ್ಲ."

"ಯಾಕ ನಂಬಲಿಲ್ಲ ಕಾಕು?"

"ಡಾಕ್ಟರ್ ತಪ್ಪ ಹೇಳಬಹುದು, ನಮ್ಮ ತಮ್ಮಾ ಸುಳ್ಳ ಹೇಳ್ತಾನೇನು, ನಾ ಎತ್ತಿ ಆಡಿಸಿದ ಹುಡುಗ ಅಂವ, ಅಂದ್ರು."

 ಆಗ ಹೇಳಿದೆ. ಘತ್ತರಗಿಗೆ ಹೋದದ್ದು, ಬಿಸಿ ಬಾನೆಟ್ಟು, ಮೂರು ನಸುಕು, ಹಿತ್ತಲ ಬಾಗಿಲು, ಅಫಜಲಪುರದ ಹೋಟೆಲು, ಎಲ್ಲವನ್ನೂ. ಬಿಸಿ ಇದ್ದಾಗ ಆ ಸದ್ದು ಯಾರ ಕಿವಿಗೂ ಕೇಳಿಸುವುದಿಲ್ಲ, ಕಾಕಾ ಕೇಳಲು ಬಂದರೂ ನಾನೇ ಬಿಡಲಿಲ್ಲ ಎಂದೆ. ಕಾಕು ಅಳಲಿಲ್ಲ, ಬೈಯಲೂ ಇಲ್ಲ. ಮೊರ ಎತ್ತಿಕೊಂಡು ಎರಡು ಹರಳು ಆರಿಸಿ ಆಚೆ ಎಸೆದಳು.

"ಇಷ್ಟನ್ನ ಅವರಿಗೆ ಹೇಳಾಕ ನಿನಗ ಒಂದು ಗೋಡೆ ದಾಟೂದು ಆಗಲಿಲ್ಲೇನೋ?" ಅಂದಳು.