ಡಾಕ್ಟರಮ್ಮನಿಗೆ ಬರೆದ ಕಾಗದ

ಉಡಿಗಾಲದ ನಮ್ಮ ಬೀದಿಗೆ ಮೊದಲು ಟಿ.ವಿ. ತಂದವನು ನಮ್ಮಣ್ಣ. ಅದು ತೊಂಬತ್ತರ ದಶಕದ ಆರಂಭ. ಆಗ ನಮ್ಮದು ಇನ್ನೂ ಮೈಸೂರು ಜಿಲ್ಲೆ. ಅಣ್ಣ ಚಾಮರಾಜನಗರದ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ನಾನು ಆಗಷ್ಟೇ ಗುಂಡ್ಲುಪೇಟೆಯ ಒಂದು ಶಾಲೆಗೆ ಟೀಚರಾಗಿ ಸೇರಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಇದ್ದ ಇನ್ನೊಬ್ಬಳೆಂದರೆ ಅತ್ತಿಗೆ. ನಾನು ಹುಟ್ಟುವ ಮೊದಲೇ ಅಣ್ಣನಿಗೆ ಮದುವೆಯಾಗಿತ್ತು. ನನಗೆ ಆರು ವರ್ಷವಾದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನ ಹೇನು ಹೆಕ್ಕಿದವಳು, ಜಡೆ ಹಾಕಿದವಳು, ಹೊಡೆದು ಬಡಿದು ಓದಿಸಿದವಳು ಅತ್ತಿಗೆಯೇ. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಇವ್ಳೊಬ್ಳು ಸಾಲ್ದಾ? ಜೀವ ತಿಂದ್ಬುಟ್ಳು ನಂದು" ಎಂದು ನನ್ನ ತಲೆಗೆ ಮೊಟಕುತ್ತಿದ್ದಳು.

ವಾರಕ್ಕೊಂದು ಸಂಜೆ ಟಿ.ವಿ.ಯಲ್ಲಿ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ಆ ಸಂಜೆ ಬೀದಿಯ ಹೆಂಗಸರೆಲ್ಲ ಅರಿಸಿನದ ಹೊಲದಿಂದ ಬೇಗ ಬಂದು, ಕೈಕಾಲು ತೊಳೆದು, ನಮ್ಮ ಪಡಸಾಲೆಯಲ್ಲಿ ಕೂತುಬಿಡುತ್ತಿದ್ದರು. ಡಾಕ್ಟರಮ್ಮ ಪೆಟ್ಟಿಗೆಯೊಳಗಿಂದ ಕೈಮುಗಿದರೆ ಇವರೂ ಕೈಮುಗಿಯುತ್ತಿದ್ದರು. ನಾನು ನಗುತ್ತಿದ್ದೆ. "ನಗ್ಬ್ಯಾಡ ಕಣಮ್ಮಿ, ದೊಡ್ಡೋರು ಕೈ ಮುಗುದ್ರೆ ಸುಮ್ನೆ ಕೂತ್ಕಂಡಿರಕ್ಕಾದದ?" ಎಂದು ಅತ್ತಿಗೆ ಗದರುತ್ತಿದ್ದಳು.

ಅವರ ನಂಬಿಕೆಗೆ ಕಾರಣವೂ ಇತ್ತು. ಊರಿನವರು ಹೋಗುತ್ತಿದ್ದ ಪೇಟೆಯ ಡಾಕ್ಟರು ತಲೆ ಎತ್ತಿ ಮುಖ ನೋಡುತ್ತಿರಲಿಲ್ಲ. ಏನಾಗಿದೆ ಅಂತ ಬಾಯಿಬಿಡುವಷ್ಟರಲ್ಲಿ ಸೂಜಿ ಚುಚ್ಚಿ ಮುಗಿದಿರುತ್ತಿತ್ತು. ಈಯಮ್ಮ ಹಾಗಲ್ಲ. ಹಣೆ ತುಂಬ ಕುಂಕುಮ ಇಟ್ಟುಕೊಂಡು, ಆತುರವಿಲ್ಲದೆ, ನಮ್ಮನ್ನೇ ನೋಡಿಕೊಂಡು ಮಾತಾಡುತ್ತಿದ್ದರು. ಉಪ್ಪು ಕಡಿಮೆ ಮಾಡಿ ಎಂದರೆ ಸಾಕು, ಮಾರನೇ ದಿನ ಬೀದಿಯ ಉಪ್ಪಿನಕಾಯಿ ಜಾಡಿಗಳೆಲ್ಲ ಅಟ್ಟ ಹತ್ತುತ್ತಿದ್ದವು. ಕೊನೆಗೆ ಅವರು ಪ್ರತಿ ಸಲವೂ "ಹತ್ತಿರದ ವೈದ್ಯರನ್ನು ಕಾಣಿ" ಎನ್ನುತ್ತಿದ್ದರು, ನಿಜ. ಎಲ್ಲ ಕಾಯಿಲೆಗೂ ಅದನ್ನೇ ಹೇಳುತ್ತಿದ್ದುದರಿಂದ ನಮ್ಮವರಿಗೆ ಅದು ಹೊರಡುವ ಹೊತ್ತಿನ ನಮಸ್ಕಾರದ ಜೊತೆ ಸೇರಿಹೋಗಿತ್ತು. ಅಷ್ಟು ಹೊತ್ತಿಗೆ ಎಲ್ಲರೂ ಸೆರಗು ಕೊಡವಿಕೊಂಡು ಎದ್ದಿರುತ್ತಿದ್ದರು.

ನೋಡುವವರು ಬರೆದ ಕಾಗದಗಳನ್ನೂ ಅವರು ಓದುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಇಂಥ ಜಿಲ್ಲೆಯ ಒಬ್ಬ ಸೋದರಿ ಎನ್ನುತ್ತಿದ್ದರು, ಅಷ್ಟೆ. ಅದೇ ಅತ್ತಿಗೆಗೆ ಧೈರ್ಯ ಕೊಟ್ಟಿತು.

ಒಂದು ಭಾನುವಾರ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾ, ತಲೆ ಎತ್ತದೆ ಹೇಳಿದಳು. ಮುಟ್ಟು ನಿಂತು ಏಳೆಂಟು ತಿಂಗಳಾದ ಮೇಲೆ ಮತ್ತೆ ಶುರುವಾಗಿದೆಯಂತೆ, ತಿಂಗಳಲ್ಲಿ ಹದಿನೈದು ಇಪ್ಪತ್ತು ದಿನ ಹೋಗುತ್ತದಂತೆ. ಆಮೇಲೆ ದನಿ ಇಳಿಸಿ, "ವಾಸ್ನೆ ಬತ್ತದೆ ಕಣಮ್ಮಿ, ಕೆಟ್ಟ ವಾಸ್ನೆ. ನಂಗೇ ತಡಿಯಕ್ಕಾಗದಿಲ್ಲ" ಎಂದಳು.

"ನಾಳೆ ರಜಾ ಹಾಕ್ತೀನಿ, ಆಸ್ಪತ್ರೆಗೆ ಹೋಗನ ಬಾ ಅತ್ಗೆ" ಎಂದೆ.

"ಆ ಗಂಡಸು ಡಾಕ್ಟ್ರ ಮುಂದೆ ಮನಿಕ್ಕಳನಾ? ಸತ್ರೂ ಇಲ್ಲ. ನಿಮ್ಮಣ್ಣಂಗೂ ಏಳ್ಬ್ಯಾಡ, ಗಂಡಸ್ರಿಗೆ ಏಳೋ ಮಾತಾ ಇದು? ಆ ಡಾಕ್ಟ್ರಮ್ಮಂಗೆ ಒಂದು ಕಾಗ್ದ ಬರಿ. ಅವ್ರು ಆಸ್ಪತ್ರೆಗೆ ಓಗು ಅಂದ್ರೆ ಓಯ್ತೀನಿ. ವಾಸ್ನೆ ಸುದ್ದಿನೂ ಬರಿ, ಮರ್ತುಗಿರ್ತು ಬುಟ್ಟೀಯೆ."

ಮರುದಿನ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತು ಬರೆದೆ. ನನ್ನ ಅಕ್ಷರ ದುಂಡಗಿತ್ತು, ಅದರ ಮೇಲೆ ನನಗೆ ಜಂಬವೂ ಇತ್ತು. ವಯಸ್ಸು ನಲವತ್ತೆರಡು ಎಂದು ಬರೆದೆ. ಎಷ್ಟು ದಿನ ಹೋಗುತ್ತದೆ, ಎಷ್ಟು ಸುಸ್ತು, ಎಲ್ಲ ಬರೆದೆ. 'ದುರ್ವಾಸನೆ' ಎಂಬ ಒಂದು ಪದವನ್ನೂ ಬರೆದೆ. ಆಮೇಲೆ ಅದನ್ನು ನೋಡುತ್ತಾ ಕೂತೆ. ಇದನ್ನು ಯಾರೋ ಗುಮಾಸ್ತ ಒಡೆದು ಓದುತ್ತಾನೆ. ಟಿ.ವಿ.ಯಲ್ಲಿ ಓದಿದರೆ ಪಡಸಾಲೆ ತುಂಬ ಹೆಂಗಸರು. ಯಾರಾದರೂ ಊಹೆ ಮಾಡಿದರೆ ಅತ್ತಿಗೆಯ ಮಾನ ಏನಾಗಬೇಕು? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಇರುವ ವಿಷಯ ಇಷ್ಟು: ನನಗೆ ಅಸಹ್ಯವಾಯಿತು. ಅಂಥ ಮಾತಿರುವ ಕಾಗದವನ್ನು ಆರಿಸುವುದಿಲ್ಲ ಎಂದೂ ಅನಿಸಿತು. ನನ್ನ ಕಾಗದವನ್ನು ಆರಿಸಬೇಕು ಎಂಬ ಆಸೆ ಬೇರೆ. ಆ ಹಾಳೆ ಹರಿದು, ಆ ಪದವಿಲ್ಲದ ಇನ್ನೊಂದು ಬರೆದು, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಿಬಿಟ್ಟೆ. ನನ್ನ ಕೈ ಸೇದಿಹೋಗಬಾರದಿತ್ತೆ ಅವತ್ತು!

ಐದನೆಯ ವಾರವೋ ಆರನೆಯ ವಾರವೋ, ಡಾಕ್ಟರಮ್ಮ ಒಂದು ಹಾಳೆ ಎತ್ತಿಕೊಂಡು, "ಮೈಸೂರು ಜಿಲ್ಲೆಯ ಒಬ್ಬ ಸೋದರಿ" ಎಂದು ಶುರುಮಾಡಿದರು. ನನ್ನ ವಾಕ್ಯಗಳೇ! ಮೈ ಜುಮ್ಮೆಂದಿತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಆಗ ಆದದ್ದು ಸಂತೋಷ. ಪಕ್ಕದಲ್ಲಿದ್ದ ಅತ್ತಿಗೆ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದು ಸಾಮಾನ್ಯ. ನೀವು ಬರೆದಿರುವುದನ್ನು ನೋಡಿದರೆ ಗಾಬರಿಪಡುವಂಥದ್ದಲ್ಲ. ರಕ್ತ ಕಡಿಮೆಯಾಗದ ಹಾಗೆ ಸೊಪ್ಪು, ಬೆಲ್ಲ, ರಾಗಿ ಚೆನ್ನಾಗಿ ತಿನ್ನಿ" ಎಂದರು. ಹತ್ತಿರದ ವೈದ್ಯರನ್ನು ಒಮ್ಮೆ ಕಾಣಿ ಎಂದೂ ಹೇಳಿದರು. ಎಂದಿನಂತೆ.

ಎಲ್ಲರೂ ಹೋದ ಮೇಲೆ ಅತ್ತಿಗೆ ಒಲೆಯ ಮುಂದೆ ಕೂತು ಕೇಳಿದಳು. "ವಾಸ್ನೆ ಸುದ್ದಿ ಓದ್ನೇ ಇಲ್ವಲ್ಲಮ್ಮಿ?"

ಆಗಲೂ ಕಾಲ ಮಿಂಚಿರಲಿಲ್ಲ. ಬರೆಯಲಿಲ್ಲ ಎಂದಿದ್ದರೆ ಬೆನ್ನಿಗೆ ಎರಡು ಗುದ್ದು ಬೀಳುತ್ತಿತ್ತು, ಇನ್ನೊಂದು ಕಾಗದ ಬರೆಯುತ್ತಿದ್ದೆ. ಅದರ ಬದಲು, "ಟಿ.ವಿ.ಲಿ ಅಂಥದ್ನೆಲ್ಲ ಓದಲ್ಲ ಅತ್ಗೆ, ಬುಟ್ಬುಟ್ಟು ಓದ್ತಾರೆ. ಡಾಕ್ಟ್ರು ಎಲ್ಲ ನೋಡೇ ಹೇಳಿರದು" ಎಂದೆ.

"ಅಂಗಾ? ಸದ್ಯ! ಎದೆ ಮ್ಯಾಲಿನ ಕಲ್ಲು ಇಳೀತು" ಎಂದು ಅವಳು ಮುದ್ದೆ ತಿರುವಲು ಎದ್ದಳು.

ಅಲ್ಲಿಂದ ಏಳು ತಿಂಗಳು ಅತ್ತಿಗೆ ಸೊಪ್ಪು ತಿಂದಳು. ನುಗ್ಗೆಸೊಪ್ಪು, ದಂಟುಸೊಪ್ಪು, ಹೊಲದ ಬದುವಿನಲ್ಲಿ ಸಿಕ್ಕಿದ ಸೊಪ್ಪು. ಎಳ್ಳುಬೆಲ್ಲ ಕುಟ್ಟಿ ಡಬ್ಬಿ ತುಂಬಿ ಇಟ್ಟುಕೊಂಡಳು. ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದಳು. ಮನೆಯಲ್ಲಿ ಸಾಂಬ್ರಾಣಿ ಹೊಗೆ ಹೆಚ್ಚಾಯಿತು. "ಏನೇ ಇದು, ಮನೇನ ಗುಡಿ ಮಾಡ್ಬುಟ್ಟೆ" ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ಟಿ.ವಿ. ನೋಡುವ ಸಂಜೆ ಅವಳು ಎಲ್ಲರ ನಡುವೆ ಕೂರುವುದನ್ನು ಬಿಟ್ಟು ಬಾಗಿಲ ಹೊರಗೆ, ಗಾಳಿ ಬರುವ ಕಡೆ, ಜಗುಲಿಯಲ್ಲಿ ಒಬ್ಬಳೇ ಕೂರತೊಡಗಿದಳು. ನನಗೆ ಕಾಣುತ್ತಿತ್ತು. ಬಾ ಒಳಗೆ ಎಂದು ಒಂದು ಸಲವೂ ಕರೆಯಲಿಲ್ಲ. ಡಾಕ್ಟರಮ್ಮ ಹೇಳಿದ್ದಾರಲ್ಲ ಎಂದು ನಾನೂ ನಂಬಿಕೊಂಡಿದ್ದೆ. ನನ್ನ ಸುಳ್ಳನ್ನು ನಾನೇ ನಂಬಿದೆನೆಂದರೆ ಯಾರಿಗೆ ಹೇಳಲಿ?

ನೀರು ಸೇದುತ್ತಿದ್ದವಳು ಬಾವಿಕಟ್ಟೆಯ ಮೇಲೆ ಕುಸಿದು ಬಿದ್ದಳು. ಸೀರೆಯೆಲ್ಲ ರಕ್ತ. ಅಣ್ಣ ಬಾಡಿಗೆ ಕಾರು ಮಾಡಿ ಚಾಮರಾಜನಗರಕ್ಕೆ ಕರೆದುಕೊಂಡು ಹೋದ. ಅಲ್ಲಿ ನೋಡಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದ ಒಬ್ಬ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಕೈತೊಳೆದು ಬಂದು, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದು ಎಲ್ಲ ಕಡೆ ಹರಡಿದೆ ಎಂದರು. ಆಮೇಲೆ ಸಿಟ್ಟಿನಿಂದಲೇ ಕೇಳಿದರು: "ಈ ವಾಸನೆ ಶುರುವಾಗಿ ವರ್ಷದ ಹತ್ತಿರ ಆಗಿರಬೇಕು. ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲವಾ?"

ಅಣ್ಣ ನನ್ನ ಮುಖ ನೋಡಿದ.

ಮಂಚದ ಮೇಲಿಂದ ಅತ್ತಿಗೆ ಹೇಳಿದಳು. "ಇಲ್ಲ ಕಣವ್ವ. ಯಾರ್ಗೂ ಏಳ್ನಿಲ್ಲ ನಾನು. ನಾಚ್ಕೆ ಆಯ್ತು, ಮುಚ್ಚಿಟ್ಕಂಡೆ. ಈ ಮಗಿಗೂ ಗೊತ್ತಿಲ್ಲ."

ಅಣ್ಣ ಅವಳನ್ನು ಎಷ್ಟು ಬೈದ! ವಾರ್ಡಿನಲ್ಲಿ, ಊರಿಗೆ ಬಂದ ಮೇಲೆ, ಗಂಜಿ ಕುಡಿಸುತ್ತಾ, ಅಳುತ್ತಾ ಬೈದ. "ಬಾಯಿಗೆ ಬೀಗ ಜಡ್ಕಂಡಿದ್ದಾ? ನಾನೇನು ಪರದೇಸಿಯಾ ನಿಂಗೆ?" ಅವಳು ಕೇಳಿಸಿಕೊಂಡು, ಗಂಜಿಗೆ ಬಾಯಿ ತೆರೆಯುತ್ತಿದ್ದಳು.

ಸಾಯುವುದಕ್ಕೆ ಕೆಲವು ದಿನ ಮೊದಲು, ಅವಳ ತಲೆ ಬಾಚುತ್ತಿದ್ದೆ. ತಡೆಯಲಾಗಲಿಲ್ಲ. "ಅತ್ಗೆ, ನಾನು ಅದ ಬರೀನೇ ಇಲ್ಲ. ನಿಂಗೆ ಸುಳ್ಳು ಹೇಳ್ಬುಟ್ಟೆ" ಎಂದು ಅತ್ತೆ.

"ಆಸ್ಪತ್ರೇಲಿ ನಿನ್ ಮಕ ನೋಡ್ದಾಗ್ಲೇ ಗೊತ್ತಾಯ್ತು ಬುಡು" ಎಂದಳು. ಉಸಿರು ಸಾಲುತ್ತಿರಲಿಲ್ಲ, ನಿಧಾನವಾಗಿ ಮುಂದುವರಿಸಿದಳು. "ನಿಮ್ಮಣ್ಣಂಗೆ ಮಾತ್ರ ಏಳ್ಬ್ಯಾಡ ಕಣಮ್ಮಿ. ಈ ಜನ್ಮದಲ್ಲಿ ನಿನ್ ಮಕ ನೋಡದಿಲ್ಲ. ನಾನೂ ಇಲ್ದೇ ಓದ್ರೆ, ನಿಂಗೆ ತೌರು ಅಂತ ಯಾರವ್ರೆ?"

ಎಷ್ಟೋ ವರ್ಷ ನಾನು ಟಿ.ವಿ.ಯ ಡಾಕ್ಟರಮ್ಮನನ್ನು ಶಪಿಸಿದೆ. ಕಾಣದ ರೋಗಿಗೆ ಅದು ಹೇಗೆ ಗಾಬರಿ ಬೇಡ ಎಂದಳು? ಅವಳ ಸೊಪ್ಪಿಗೆ ಬೆಂಕಿ ಬೀಳ! ಆ ಪ್ರಶ್ನೆ ಈಗಲೂ ಸರಿಯಾದದ್ದೇ. ಆದರೆ ಆಸ್ಪತ್ರೆಗೆ ಓಗು ಅಂದರೆ ಹೋಗುತ್ತೇನೆ ಎಂದಿದ್ದಳು ಅತ್ತಿಗೆ. ಡಾಕ್ಟರಮ್ಮನ ಬಾಯಲ್ಲಿ ಹಾಗೆ ಅನ್ನಿಸಬಹುದಾಗಿದ್ದ ಒಂದೇ ಒಂದು ಪದವನ್ನು ಹರಿದು ಎಸೆದವಳು ನಾನು.

ಅಣ್ಣನಿಗೆ ಇವತ್ತಿಗೂ ಹೇಳಿಲ್ಲ. ಅತ್ತಿಗೆಯ ಮಾತು ಉಳಿಸುತ್ತಿದ್ದೇನೋ, ನನ್ನ ತೌರು ಉಳಿಸಿಕೊಳ್ಳುತ್ತಿದ್ದೇನೋ, ನನಗೇ ತಿಳಿಯದು. ಪ್ರತಿವರ್ಷ ಹಿರಿಯರಿಗೆ ಎಡೆ ಇಡುವ ದಿನ ಉಡಿಗಾಲಕ್ಕೆ ಹೋಗುತ್ತೇನೆ. ಅಣ್ಣನಿಗೆ ಈಗ ಬೆನ್ನು ಬಾಗಿದೆ. ಅವಳ ಫೋಟೋಗೆ ಕುಂಕುಮ ಇಟ್ಟು, ಕೈಮುಗಿದು, ಪ್ರತಿ ಸಲವೂ ಅದೇ ಮಾತು ಹೇಳುತ್ತಾನೆ. "ನಂಗೊಂದು ಮಾತು ಏಳ್ಬಾರ್ದಾಗಿತ್ತಾ? ಇಂಗೆ ಮೋಸ ಮಾಡ್ಬುಟ್ಟಲ್ಲ ನಂಗೆ." ನಾನು ಅವನ ಪಕ್ಕದಲ್ಲೇ ಬಗ್ಗಿ, ಅವಳ ಎಲೆಗೆ ಅನ್ನ ಬಡಿಸುತ್ತಿರುತ್ತೇನೆ.