ತೆರೆದ ಬಾಗಿಲಲ್ಲಿ ನಿಂತ ರೋಬೋ
ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಕೀಲಣ್ಣ ಎಂದೇ ಎಲ್ಲರೂ ಕರೆಯುವ ಚಿತ್ರಕಾರ, ಸ್ಟುಡಿಯೋದ ಕಾರಿಡಾರಿನಲ್ಲಿ ಮೊಣಕಾಲು ಮಡಿಸದೆ ನಡೆಯುತ್ತಿದ್ದ. ಬಿಡುಗಡೆಗೆ ಹಂಬಲಿಸುವ ರೋಬೋ ಒಂದರ ಕಾರ್ಟೂನ್ ಧಾರಾವಾಹಿಗೆ ಅದರ ನಡಿಗೆ ಬಿಡಿಸುವವನು ಅವನು. ತನ್ನ ಮೈಯಲ್ಲಿ ಮಾಡಿ ನೋಡದ ಚಲನೆಯನ್ನು ಕಾಗದಕ್ಕೆ ಇಳಿಸಿದವನಲ್ಲ. ಮನೆಯಲ್ಲಿ ಲೋಟ ಎತ್ತುವಾಗಲೂ ಮೊದಲು ಭುಜ, ಆಮೇಲೆ ಮೊಣಕೈ, ಕೊನೆಗೆ ಬೆರಳು. "ಕೀಲಿಗೆ ಎಣ್ಣೆ ಬಿಡ್ಲೇನ್ರೀ? ಕಾಫಿ ಆರ್ತಿದೆ" ಎಂದು ಹೆಂಡತಿ ಛೇಡಿಸುತ್ತಾಳೆ. ಬೈದರೂ ಹೊಗಳಿದರೂ "ಭಾರ ಯಾವ ಕಾಲ ಮೇಲಿದೆ, ಅದು ಹೇಳಿ" ಎನ್ನುವುದೊಂದೇ ಅವನ ಪಲ್ಲವಿ. ಜಗಳವೆಂದರೆ ಮಾರು ದೂರ. ಆದರೆ ರೋಬೋ ಕಾರ್ಖಾನೆಯಿಂದ ಹೊರಬೀಳುವ ಕಂತಿನಲ್ಲಿ ಮಾತ್ರ ಅವನು ಪಟ್ಟು ಸಡಿಲಿಸಲಿಲ್ಲ. ಬಾಗಿಲು ತೆರೆದರೂ ಅವನ ರೋಬೋ ಹೊಸ್ತಿಲಲ್ಲೇ ನಿಂತಿತ್ತು. "ಬೀಗ ತೆಗ್ದಾಯ್ತಲ್ಲಯ್ಯ, ಓಡ್ಸು! ಇಲ್ಲಾಂದ್ರೆ ಬೇರೆಯವ್ರ ಕೈಲಿ ಮಾಡಿಸ್ತೀನಿ" ಎಂದರು ನಿರ್ದೇಶಕರು. ಕೀಲಣ್ಣ ಪೆನ್ಸಿಲ್ ಕೆಳಗಿಟ್ಟ. "ನಮ್ಮಕ್ಕ ಹೊಡೆಯೋ ಗಂಡನ್ನ ಬಿಟ್ಟು ಬಂದ ದಿನ ಗೇಟು ತೆಗೆದು ಹಿಡ್ಕೊಂಡಿದ್ದೋನು ನಾನು, ಸಾರ್. ತಡೆಯೋಕೆ ಒಳಗೆ ಯಾರೂ ಇರ್ಲಿಲ್ಲ. ಆದ್ರೂ ಹೊಸ್ತಿಲಲ್ಲಿ ನಿಂತೇಬಿಟ್ಳು." ನಿರ್ದೇಶಕರ ದನಿ ತಗ್ಗಿತು. "ಎಷ್ಟು ಹೊತ್ತು?" "ಮೂವತ್ತೆಂಟು ಸೆಕೆಂಡು."