ಅತ್ತೆಗೆ ಕೇಳುವ ನಾಲ್ಕು ತಂತಿ

ಗಿಟಾರ್ ತರುತ್ತೇನೆಂದು ಮಿರಜಿಗೆ ಹೋಗಿದ್ದ ನಮ್ಮ ಮನೆಯವರು ಸಂಜೆಯ ಬಸ್ಸಿಗೆ ತಿಕೋಂಡಿಗೆ ಮರಳಿದರು. ಒಂದು ಕೈಯಲ್ಲಿ ಉದ್ದ ಕತ್ತಿನ, ಕೊಡಲಿಯಷ್ಟು ಭಾರದ ಗಿಟಾರ್, ಇನ್ನೊಂದು ಕೈಯಲ್ಲಿ ಕಪ್ಪು ಪೆಟ್ಟಿಗೆಯಂಥ ಸ್ಪೀಕರ್. ಗಿಟಾರಿಗೆ ನಾಲ್ಕೇ ತಂತಿ. ನಾನು ಟಿ.ವಿ.ಯಲ್ಲಿ ಕಂಡ ಗಿಟಾರುಗಳಿಗೆಲ್ಲ ಆರು ಇರುತ್ತಿದ್ದವು.

“ಎರಡ ತಂತಿ ಹರದಾವೇನ್ರಿ?” ಎಂದು ಕೇಳಿದೆ.

“ಏ, ಇದು ಹಂಗ ಬರತೈತಿ. ಅಂಗಡಿಯಾಂವ ಹೇಳ್ಯಾನ. ತಂತಿ ಕಡಿಮಿ ಇದ್ದಷ್ಟು ಕಲಿಯೂದು ಹಗುರ,” ಎಂದರು.

ಅವರದು ದನಗಳ ಹಿಂಡಿ, ಬೂಸಾ ಮಾರುವ ಅಂಗಡಿ. ಆದರೆ ಊರಿನಲ್ಲಿ ಅವರನ್ನು ಗುರುತಿಸುವುದು ಹಾಡುಗಾರ ಎಂದು. ಸೆಲ್ ಹಾಕಿ ನುಡಿಸುವ ಸಣ್ಣ ಕೀಬೋರ್ಡ್ ಒಂದು ಅವರ ಬಳಿ ಇತ್ತು. ಬಲಗೈಯಲ್ಲಿ ಹಾಡಿನ ಧಾಟಿ, ಎಡಗೈಯಲ್ಲಿ ಮೂರು ಬೆರಳು ಒಟ್ಟಿಗೆ ಒತ್ತಿ ಕಾರ್ಡ್ ಹಿಡಿದು, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಹಳೆಯ ಹಾಡು ಹಾಡುತ್ತಿದ್ದರು. ಬೀಗರ ಮನೆಯ ಯಾವ ಕಾರ್ಯವೂ ಅವರ ಹಾಡಿಲ್ಲದೆ ಮುಗಿಯುತ್ತಿರಲಿಲ್ಲ. ಹಾಡು ಬೇಡ ಎನ್ನುವ ಧೈರ್ಯ ಬೀಗರಲ್ಲಿ ಯಾರಿಗೂ ಇರಲಿಲ್ಲ ಎಂದರೂ ತಪ್ಪಾಗದು. ಕೀಬೋರ್ಡಿನ ಹಿಂದೆ ಕುಳಿತರೆ ಜನಕ್ಕೆ ತಾವು ಸರಿಯಾಗಿ ಕಾಣುವುದಿಲ್ಲ, ಕೊರಳಿಗೆ ಗಿಟಾರ್ ಹಾಕಿಕೊಂಡು ನಿಂತರೆ ಬೇರೆಯೇ ಕಳೆ ಬರುತ್ತದೆ ಎಂಬುದು ಅವರ ಲೆಕ್ಕ.

ಆದರೆ ಗಿಟಾರ್ ಧುಮ್ ಎನ್ನುವುದೊಂದು ಬಿಟ್ಟು ಬೇರೇನನ್ನೂ ಹೇಳಲೊಲ್ಲದು. ಇವರ ದನಿ ಮೇಲೆಲ್ಲೋ, ಅದರ ಧುಮ್ ಕೆಳಗೆಲ್ಲೋ. ಎರಡೂ ಒಂದಕ್ಕೊಂದು ಭೇಟಿಯಾಗಲೇ ಇಲ್ಲ. ಒಂದು ವಾರ ಹೆಣಗಿ, “ತಂತಿ ಹಳೇವು ಅದಾವ,” ಎಂದು ತೀರ್ಪು ಕೊಟ್ಟು ನಡುಮನೆಯ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದರು. ನೋಡಲು ಬಂದವರಿಗೆಲ್ಲ ಮಿರಜಿನಿಂದ ತಂದದ್ದು ಎಂದು ತೋರಿಸುತ್ತಿದ್ದರು. ಅಷ್ಟಕ್ಕೆ ಅದರ ಉಪಯೋಗ ಮುಗಿದಿತ್ತು.

ನನ್ನ ತವರು ಡಫಳಾಪುರ. ಅಲ್ಲಿ ಅಪ್ಪನ ಭಜನೆಯ ಪೇಟಿ, ಅಂದರೆ ಹಾರ್ಮೋನಿಯಂ, ಇತ್ತು. ಹರೆಯದಲ್ಲಿ ನಾನು ಅದರ ಮೇಲೆ ಸರಿಗಮ ಕಲಿತಿದ್ದೆ. ಮದುವೆಯಾದ ಮೇಲೆ, ಪೇಟಿ ಬರುತ್ತದೇನು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಡುಗಾರರೊಬ್ಬರು ಮನೆಯಲ್ಲಿರುವಾಗ ಇನ್ನೊಬ್ಬರಿಗೆ ಜಾಗ ಎಲ್ಲಿ? ಬ್ಲೌಸು ಹೊಲಿಯುತ್ತ ದಿನ ಕಳೆಯುತ್ತಿದ್ದೆ. ಒಂದು ಮಧ್ಯಾಹ್ನ ಧೂಳು ಒರೆಸಲೆಂದು ಗಿಟಾರ್ ಇಳಿಸಿದವಳು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟಿದೆ. ಎದೆಗೆ ತಗಲಿದ ಅದರ ಹೊಟ್ಟೆಯಿಂದ ಸದ್ದು ನನ್ನ ಮೈಯೊಳಗೇ ಬಂದಂತಾಯಿತು. ಧೂಳು ಒರೆಸುವುದು ಮರೆತೇಹೋಯಿತು.

ಮೊಬೈಲಿನಲ್ಲಿ ಹುಡುಕಿದಾಗ ಜುಟ್ಟು ಬಿಟ್ಟ ಒಬ್ಬ ತರುಣ ಹಿಂದಿಯಲ್ಲಿ ಪಾಠ ಹೇಳುವುದು ಸಿಕ್ಕಿತು. ಇದು ಬಾಸ್ ಗಿಟಾರ್, ಇದರ ಕೆಲಸ ಹಾಡುವುದಲ್ಲ, ಹಾಡಿನ ಕೆಳಗೆ ಇರುವುದು ಎಂದು ಆತ ಮೊದಲ ಪಾಠದಲ್ಲೇ ಹೇಳಿಬಿಟ್ಟ. ನಮ್ಮ ಮನೆಯವರಿಗೆ ಅದು ಹೊಂದದಿದ್ದುದು ಯಾಕೆಂದು ಆಗ ತಿಳಿಯಿತು. ಮೊದಮೊದಲು ಕಾರ್ಡಿನ ಮೂಲ ಸ್ವರವೊಂದನ್ನೇ ತಾಳಕ್ಕೆ ಸರಿಯಾಗಿ ಹೊಡೆಯಿರಿ ಎಂದ. ಸ್ಪೀಕರಿಗೆ ವೈರು ಸಿಕ್ಕಿಸಿ ಹಾಗೇ ಮಾಡಿದೆ. ಧುಮ್, ಧುಮ್, ಧುಮ್, ಧುಮ್.

ಒಳಕೋಣೆಯಿಂದ ಅತ್ತೆಯ ದನಿ ಬಂತು. “ಬೋರಿನ ಮೋಟರ ಯಾರ ಹಚ್ಚೀರಿ? ಟಾಕಿ ತುಂಬಿ ಚೆಲ್ಲತೈತಿ, ನೋಡ್ರಿ!”

ನನ್ನ ಕೈ ನಿಂತೇಬಿಟ್ಟಿತು. ಮೋಟರ್ ಎಂದದ್ದಕ್ಕಲ್ಲ, ಅತ್ತೆಗೆ ಕೇಳಿಸಿತಲ್ಲ, ಅದಕ್ಕೆ.

ನಮ್ಮ ಅತ್ತೆಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗಿದ್ದವು. ಕೂಗಿ ಹೇಳಿದರೆ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದರು, ಉಳಿದರ್ಧಕ್ಕೆ ನಗುತ್ತಿದ್ದರು. ಆದರೆ ಮಗನ ಹಾಡಿನ ಕಾರ್ಯಕ್ರಮ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಕುಳಿತು, ಕಣ್ಣು ಅರೆಮುಚ್ಚಿ ತಲೆದೂಗುತ್ತಿದ್ದರು. “ಮಗನ ಹಾಡಂದ್ರ ಮುದುಕಿಗಿ ಜೀಂವ,” ಎಂದು ಬೀಗರು ಹೇಳುವರು. ನಮ್ಮ ಮನೆಯವರೂ ಹಾಗೇ ನಂಬಿದ್ದರು. ಪಕ್ಕದಲ್ಲಿ ಕುಳಿತಿರುತ್ತಿದ್ದ ನಾನು ಮಾತ್ರ ಇನ್ನೊಂದನ್ನು ಕಂಡಿದ್ದೆ. ಹಾಡು ಮುಗಿದು, ಚಪ್ಪಾಳೆಯೂ ಮುಗಿದು, ಇವರು ನೀರು ಕುಡಿಯುತ್ತಿರುವಾಗಲೂ ಅತ್ತೆಯ ತಲೆ ತೂಗುತ್ತಲೇ ಇರುತ್ತಿತ್ತು.

ಅಂದೇ ಸ್ಪೀಕರನ್ನು ಅತ್ತೆಯ ಮಂಚದ ಕಾಲಿಗೆ ಒತ್ತಿ ಇಟ್ಟು ಮತ್ತೆ ನುಡಿಸಿದೆ. ಅವರು ಎದ್ದು ಕುಳಿತರು.

“ಏನ ಬಾರಸ್ತಿ ಅದನ್ನ?”

“ಹಾಡ್ರೀ ಅತ್ತಿ!” ಎಂದು ಕೂಗಿದೆ.

“ಹಾಡ ಎಲ್ಲೈತಿ ಅದ್ರಾಗ? ಬರೇ ಬಾಗಲಾ ಬಡದಂಗ ಆಗತೈತಿ.”

ಮರುದಿನ ನನಗೆ ಹುರುಪು ಬಂದು, ಒಂದೇ ಸ್ವರ ಸಾಲದೆನಿಸಿ, ಪೇಟಿಯ ಮೇಲೆ ಕಲಿತಿದ್ದ ಸರಿಗಮವನ್ನೆಲ್ಲ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡಿಸಿದೆ. ಬೆರಳಿನ ತುದಿಗೆ ಗುಳ್ಳೆ ಎದ್ದವು. ಅತ್ತೆಯ ತವರು ಮಾಡಗ್ಯಾಳ, ಕುರಿಗಳ ನಡುವೆ ಬೆಳೆದವರು. “ಈಗ ಕುರಿ ಬೆದರಿ ಓಡಿದಂಗ ಆತು,” ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ನನಗೆ ಸಿಟ್ಟು ಬಂತು. ಆದರೆ ಯೋಚಿಸಿದಾಗ ಅವರ ಮಾತು ಸರಿ ಎನ್ನಿಸಿತು. ಬೇರೆಯವರಿಗೆ ಮೇಲೆ ಹಾಡು ಕೇಳುತ್ತದೆ, ಕೆಳಗಿನ ಧುಮ್ ಹೇಗಿದ್ದರೂ ನಡೆಯುತ್ತದೆ. ಅತ್ತೆಗೆ ಮೇಲಿನದೇ ಇಲ್ಲ, ತಲುಪುವುದು ಕೆಳಗಿನ ದಪ್ಪ ಸದ್ದೊಂದೇ. ಇರುವುದೆಲ್ಲ ಈ ನಾಲ್ಕು ತಂತಿಯಲ್ಲೇ ಇರಬೇಕು.

ಜುಟ್ಟಿನ ತರುಣನ ಮುಂದಿನ ಪಾಠ ಅದಕ್ಕೇ ಎಂಬಂತೆ ಇತ್ತು. ಪ್ರತಿ ಕಾರ್ಡಿಗೂ ಅದರದೇ ಸ್ವರಗಳಿರುತ್ತವೆ, ತಾಳದ ಭಾರ ಬೀಳುವ ಕಡೆ ಆ ಸ್ವರಗಳನ್ನೇ ನುಡಿಸಿ, ಕಾರ್ಡ್ ಬದಲಾಗುವಾಗ ದೂರ ಹಾರಬೇಡಿ, ಹತ್ತಿರ ಯಾವುದಿದೆ ನೋಡಿ ಎಂದ. ನಾನು ನಮ್ಮ ಮನೆಯವರ ಕೀಬೋರ್ಡಿನ ಮೇಲೆ ಒಂದೊಂದೇ ಒತ್ತಿ ನೋಡಿದೆ. ಮೊದಲ ಕಾರ್ಡಿನಲ್ಲಿ ಸ, ಗ, ಪ. ಮಧ್ಯಮದ ಕಾರ್ಡಿನಲ್ಲಿ ಮ, ಧ, ಸ. ಸ ಎರಡರಲ್ಲೂ ಇದೆ. ಗ ದಿಂದ ಮ ಕ್ಕೆ ಅರ್ಧ ಹೆಜ್ಜೆ. ಅಂದಮೇಲೆ ಸ, ಪ, ಗ ಎಂದು ಬಂದು ಗ ದಿಂದ ಮ ಕ್ಕೆ ಜಾರಿದರೆ, ಹಾಡು ತಿರುವು ತೆಗೆದುಕೊಂಡದ್ದು ಯಾರೂ ಹೇಳದೆ ಗೊತ್ತಾಗುತ್ತದೆ. ಪಂಚಮದ ಕಾರ್ಡಿನಲ್ಲಿ ಪ, ನಿ, ರಿ. ಅಲ್ಲಿ ನಿ ಯ ಮೇಲೆ ಬಂದು ನಿಂತರೆ ಸ ತಾನಾಗಿ ಕರೆಯುತ್ತದೆ. ಗ ವನ್ನು ಸ್ವಲ್ಪ ಇಳಿಸಿ ಕೋಮಲ ಮಾಡಿದರೆ ಹಾಡಿನ ಮುಖವೇ ಸಪ್ಪಗಾಗುತ್ತದೆ. ಮೊದಲ ದಿನ ನಾನು ಗ ವನ್ನು ಮುಟ್ಟದೆ ಬರೀ ಸ ಹೊಡೆದಿದ್ದೆ, ಮರುದಿನ ಗ ದ ಮೇಲೆ ನಿಲ್ಲದೆ ಓಡಿದ್ದೆ. ನಗಬೇಕೋ ಅಳಬೇಕೋ ಎಂದು ಅತ್ತೆಗೆ ತಿಳಿಯುವುದಾದರೂ ಹೇಗೆ?

ಅತ್ತೆ ಮೊಮ್ಮಕ್ಕಳಿಗೆ ಹೇಳುತ್ತಿದ್ದ ಒಂದು ಜೋಗುಳ ನನಗೆ ಗೊತ್ತಿತ್ತು. ಅದರ ಧಾಟಿಯಲ್ಲಿ ಭಾರ ಬೀಳುವ ಅಕ್ಷರಗಳೆಲ್ಲ ಇವೇ ಸ್ವರಗಳ ಮೇಲೆ ಕೂರುತ್ತಿದ್ದವು. ಅದನ್ನು ಹಿಡಿದು, ಅವಸರ ಮಾಡದೆ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹತ್ತಿರದ ದಾರಿಯಲ್ಲೇ ಹೋಗುತ್ತ ಕೆಲವು ಮಧ್ಯಾಹ್ನ ನುಡಿಸಿದೆ. ಒಂದು ದಿನ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಬೆರಳು ನಿಲ್ಲಿಸಿದರು. ಮಂಚದ ಪಟ್ಟಿಯ ಮೇಲೆ ಅಂಗೈ ಇಟ್ಟು ಕುಳಿತರು. ಆಮೇಲೆ ಅವರ ಇನ್ನೊಂದು ಕೈ ಇಲ್ಲದ ತೊಟ್ಟಿಲನ್ನು ತೂಗತೊಡಗಿತು.

“ಇದು ನನ್ನ ಜೋಗುಳಲ್ಲೇನ?” ಎಂದರು.

ಹೌದೆಂದು ತಲೆಯಾಡಿಸಿದೆ. ಅವರು ಹಾಡತೊಡಗಿದರು. ತಮ್ಮ ದನಿ ತಮಗೇ ಕೇಳದವರ ಹಾಡು, ಶ್ರುತಿ ಎಲ್ಲೆಲ್ಲೋ ಹೋಗುತ್ತಿತ್ತು. ಆದರೆ ತಿರುವು ಬಂದಲ್ಲೆಲ್ಲ ಸರಿಯಾಗಿ ನನ್ನ ಜೊತೆಗೇ ತಿರುಗಿದರು. ಹೊಲಿದುಕೊಡಬೇಕಾದ ಬ್ಲೌಸುಗಳು ಆ ದಿನ ಹಾಗೇ ಉಳಿದವು.

ಇದು ಮನೆಯವರ ಕಿವಿಗೆ ಬೀಳದೆ ಇದ್ದೀತೇ? ಅಂಗಡಿಯಿಂದ ಬೇಗ ಬಂದ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, “ಅಡ್ಡಿಯಿಲ್ಲ. ನನ್ನ ಹಿಂದ ಕುಂತ ಬಾರಸು. ಆದ್ರ ಸಾವಕಾಶ, ನನ್ನ ದನಿ ಮುಚ್ಚಬಾರದು,” ಎಂದರು. ದೊಡ್ಡ ಮನಸ್ಸು. ಅವರು ಹೇಳುವ ಕಾರ್ಡುಗಳಿಗೆ ನಾನು ಕೆಳಗಿನ ಸಾಲು ಕಟ್ಟುತ್ತ ಹೋದೆ. ನಾವು ಅಭ್ಯಾಸ ಮಾಡುವಾಗ ಅತ್ತೆ ಸ್ಪೀಕರಿಗೆ ಬೆನ್ನು ಕೊಟ್ಟು ಕೂರುವರು. ಸ್ವಲ್ಪ ದಿನಕ್ಕೆ ಮಗನನ್ನು ಹತ್ತಿರ ಕರೆದು ಬೆನ್ನು ಸವರಿದರು.

“ಇತ್ತಿತ್ತಲಾಗ ನಿನ್ನ ದನಿ ಭಾಳ ಚಲೋ ಆಗೇತಪಾ. ಮೊದಲ ಇಷ್ಟ ತುಂಬಿ ಬರತಿದ್ದಿಲ್ಲ.”

ಇವರು ನನ್ನ ಕಡೆ ತಿರುಗಿ, “ಕೇಳಿದೇನ? ಜೇಷ್ಠಮದ್ದು ಚಪ್ಪರಸಾಕ ಹತ್ತೀನಲ್ಲ, ಅದರ ಗುಣ,” ಎಂದರು. ಮರುದಿನ ಗಂಟಲಿಗೆಂದು ಇನ್ನಷ್ಟು ಜೇಷ್ಠಮದ್ದಿನ ಕಡ್ಡಿ ತಂದರು. ತಾಯಿ ಮಗನನ್ನು ಹೊಗಳುವಾಗ ನಡುವೆ ಬಾಯಿ ಹಾಕುವವಳು ಒಳ್ಳೆಯ ಸೊಸೆಯಲ್ಲ. ಹೊಗಳಿಕೆ ನನ್ನದೇ ಎಂದು ಒಳಗೊಳಗೆ ತಿಳಿದುಕೊಂಡರೆ ಯಾರಿಗೂ ನಷ್ಟವಿರಲಿಲ್ಲ.

ಮಾಡಗ್ಯಾಳದಲ್ಲಿ ನಾದಿನಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಳು. ಊಟಕ್ಕೆ ಮೊದಲು ಅಣ್ಣನ ಹಾಡು. ಅಂಗಳದಲ್ಲಿ ಪೆಂಡಾಲ್, ಬೀಗರೆಲ್ಲ ಚಾಪೆಯ ಮೇಲೆ. ಅತ್ತೆ ನನ್ನ ಸ್ಪೀಕರಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಮೂರನೆಯದು ನಮ್ಮ ಮನೆಯವರ ಹೆಸರುವಾಸಿ ಹಾಡು, ದನಿ ಏರಿಸಿ ಏರಿಸಿ ಹೇಳುವಂಥದ್ದು. ನಾನೂ ಚೆನ್ನಾಗಿ ಕಟ್ಟಿದ್ದೆ, ಅತ್ತೆಯ ತಲೆ ತಾಳ ತಪ್ಪದೆ ತೂಗುತ್ತಿತ್ತು. ದನಿ ಇನ್ನೇನು ತುತ್ತತುದಿಗೆ ಏರಬೇಕು, ಲೈಟ್ ಹೋಯಿತು.

ನನ್ನ ಸ್ಪೀಕರ್ ಸತ್ತಿತು, ಮೈಕೂ ಸತ್ತಿತು. ಕೀಬೋರ್ಡಿಗೆ ಸೆಲ್ ಇದ್ದವು, ಇವರ ಗಂಟಲಿಗೆ ಕರೆಂಟು ಬೇಕಿರಲಿಲ್ಲ. ಎಷ್ಟಾದರೂ ಅನುಭವಿಗಳು. ನಿಲ್ಲಿಸದೆ, ಮೈಕಿಲ್ಲದ ಕೊರತೆ ಕಾಣಬಾರದೆಂದು ಇನ್ನಷ್ಟು ಜೋರಾಗಿ, ಕತ್ತಿನ ನರ ಉಬ್ಬಿಸಿ ಹಾಡಿದರು. ಪೆಂಡಾಲ್ ಸ್ತಬ್ಧವಾಗಿತ್ತು. ಆ ಹೊತ್ತಿಗೆ ಅತ್ತೆ, ಮುಚ್ಚಿದ ಕಣ್ಣು ತೆರೆಯದೆಯೇ, ಕಿವಿ ಕೇಳದವರು ಮಾತಾಡುವ ಗಟ್ಟಿ ದನಿಯಲ್ಲಿ ಕೇಳಿದರು.

“ಯಾಕಪಾ ನಿಲ್ಲಿಸಿದಿ? ಇಷ್ಟೊತ್ತನ ಚಲೋ ಹಾಡತಿದ್ದಿ. ಹಾಡ, ಹಾಡ!”

ಮೊದಲು ಒಬ್ಬರು ನಕ್ಕರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಇವರು ಹಾಡನ್ನು ಕೊನೆಯವರೆಗೆ ಹಾಡಿಯೇ ಮುಗಿಸಿದರು. ಅದಕ್ಕೆ ನಾನು ಇವತ್ತಿಗೂ ಅವರನ್ನು ಮೆಚ್ಚುತ್ತೇನೆ. ಆದರೆ ಊಟಕ್ಕೆ ಕುಳಿತಾಗ ಹೋಳಿಗೆಯನ್ನು ಮುರಿದು ಮುರಿದು ಎಲೆಯಲ್ಲೇ ಬಿಟ್ಟರು. ಜೀಪಿನಲ್ಲಿ ಬರುವಾಗ ಅತ್ತೆ, “ಮೂರ ಹಾಡಿಗೇ ಯಾಕ ಮುಗಿಸಿದಿ?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು.

ಮರುದಿನ ಚಹಾ ಕುಡಿಯುತ್ತ ನಮ್ಮ ಮನೆಯವರು ಕೇಳಿದರು. “ಅವ್ವಗ ನನ್ನ ಹಾಡ ಕೇಳಸೂದಿಲ್ಲಂತ ನಿನಗ ಗೊತ್ತಿತ್ತೇನ?”

“ಗೊತ್ತಿತ್ರಿ.”

“ಮತ್ತ ಹೇಳಲಿಲ್ಲಲ್ಲ?”

“ಹೆಂಗ ಹೇಳ್ಲಿ ಅಂತೀರಿ? ಅತ್ತಿ ಅಷ್ಟ ಪ್ರೀತಿಲಿ ತಲಿ ಆಡಸತಿದ್ರು.”

ಅವರು ಬಟ್ಟಲನ್ನು ಕೆಳಗಿಟ್ಟರು. “ಏನೂ ಕೇಳಸದ ಬಂದ ಕುಂದ್ರತಿದ್ಲಲ್ಲ,” ಎಂದರು. ಅವರ ದನಿ ಆಗ ನಿಜವಾಗಿಯೂ ತುಂಬಿ ಬಂದಿತ್ತು.

ಆ ವಾರವೇ ಅವರು ಅಂಗಡಿ ಮುಚ್ಚಿ ತಾಯಿಯನ್ನು ಸಾಂಗ್ಲಿಗೆ ಕರೆದುಕೊಂಡು ಹೋಗಿ, ಕಿವಿಯ ಡಾಕ್ಟರಿಗೆ ತೋರಿಸಿ, ಮಷೀನು ಹಾಕಿಸಿಕೊಂಡು ಬಂದರು. ಮನೆಗೆ ಬಂದ ಅತ್ತೆ ಕುಕ್ಕರಿನ ಸೀಟಿಗೆ ಬೆಚ್ಚಿಬಿದ್ದರು. ನನ್ನ ಹೊಲಿಗೆ ಯಂತ್ರ ಇಷ್ಟು ಸದ್ದು ಮಾಡುತ್ತದೆಯೇ ಎಂದು ಅಚ್ಚರಿಪಟ್ಟರು. ಸಂಜೆ ಇವರು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ತಾಯಿಯ ಮುಂದೆ ಕೀಬೋರ್ಡ್ ಇಟ್ಟು ಕುಳಿತರು. “ನೀ ಇವತ್ತ ಬಾರಸಬ್ಯಾಡ,” ಎಂದು ನನಗೆ ಹೇಳಿದರು. ಅದೇ ಹೆಸರುವಾಸಿ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಅತ್ತೆ ಮಿಸುಕದೆ ಕೇಳಿದರು. ಹಾಡು ಮುಗಿದ ಮೇಲೆ ಮಗನ ಹಣೆ ಮುಟ್ಟಿ ನೋಡಿದರು.

“ನೆಗಡಿ ಆಗೇತೇನಪಾ? ದನಿ ಸಣ್ಣ ಆಗೇತಲ್ಲ.”

ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಎಲ್ಲಿಂದಲೋ ಒಂದು ನಗು ಬಂತು, ಅದು ಅವರದೇ ಎಂದು ತಿಳಿದಾಗ ನಾನೂ ನಕ್ಕೆ. “ಹೂಂ ಬೇ, ನೆಗಡಿ ಆಗೇತಿ,” ಎಂದು ಅವರು ತಾಯಿಯ ಕಾಲ ಬಳಿ ಕುಳಿತುಬಿಟ್ಟರು.

ಈಗ ಅತ್ತೆ ಹಗಲಿನಲ್ಲಿ ಓಣಿಯ ಹೆಂಗಸರು ಮಾತಿಗೆ ಬಂದಾಗ ಮಷೀನು ಹಾಕಿಕೊಳ್ಳುತ್ತಾರೆ. ಒಂದು ಮಾತೂ ತಪ್ಪಬಾರದಲ್ಲ. ಸಂಜೆ ನಾವು ಅಭ್ಯಾಸಕ್ಕೆ ಕುಳಿತರೆ ಅದನ್ನು ಬಿಚ್ಚಿ ಎಲೆಯಡಿಕೆಯ ಚೀಲಕ್ಕೆ ಹಾಕಿ ಸ್ಪೀಕರಿಗೆ ಬೆನ್ನು ಕೊಡುತ್ತಾರೆ. ನಮ್ಮ ಮನೆಯವರು ಅದನ್ನು ಕಂಡೂ ಕಾಣದಂತೆ ಹಾಡುತ್ತಾರೆ. ಹೊಸ ಹಾಡು ಆರಿಸುವಾಗ, “ಇದರಾಗ ಕಾರ್ಡ ಛಂದ ತಿರಗತಾವೇನ? ಅವ್ವಗ ತಿಳೀಬೇಕು,” ಎಂದು ನನ್ನನ್ನು ಕೇಳುತ್ತಾರೆ. ಬೀಗರ ಮುಂದೆ ಮಾತ್ರ, ತಾಯಿಗೆ ಕೇಳಲಿ ಎಂದೇ ಯೋಚನೆ ಮಾಡಿ ಮಿರಜಿನಲ್ಲಿ ಹುಡುಕಿ ಬಾಸ್ ಗಿಟಾರ್ ತಂದೆ ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ.

ಮೊನ್ನೆ ಡಫಳಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿ ಹಾಡಿದೆವು. ಕಾರ್ಯಕ್ರಮ ಮುಗಿದ ಮೇಲೆ ತವರಿನ ಹಿರಿಯರೊಬ್ಬರು ನನ್ನ ಬಳಿ ಬಂದು, “ಯವ್ವಾ, ಅಳಿಯಾರ ಭಾಳ ಚಲೋ ಹಾಡಿದ್ರು. ನಿಂದೇನು ನನಗ ಕೇಳಸಲೇ ಇಲ್ಲ ನೋಡು. ಸುಮ್ಮ ಹಿಡಕೊಂಡ ಕುಂದ್ರತೀಯೇನ?” ಎಂದು ಕೇಳಿದರು.

“ನಿಮ್ಮ ಕಿವಿ ಇನ್ನೂ ಚಲೋ ಅದಾವ್ರಿ ಕಾಕಾ,” ಎಂದೆ. ಅವರು ಖುಷಿಪಟ್ಟು ಊಟಕ್ಕೆ ಹೋದರು.